ಎರಡನೇ ಗಂಟು

ಪಂಕ್ಚರ್ ಹಚ್ಚುವ ಅಂಟಿನ ವಾಸನೆ ಎಲ್ಲಿ ಬಂದರೂ ಅವಳಿಗೆ ಅಪ್ಪನ ಸೈಕಲ್ ಅಂಗಡಿ ನೆನಪಾಗುತ್ತಿತ್ತು. ಸಿಹಿಯೂ ಅಲ್ಲದ, ಖಾರವೂ ಅಲ್ಲದ, ಮೂಗಿನ ತುದಿಯಲ್ಲೇ ಕೂತುಬಿಡುವ ವಾಸನೆ. ಅದರ ಬೆನ್ನಿಗೇ ಬಿಸಿಲಿಗೆ ಕಾದ ರಬ್ಬರು, ಬೇರಿಂಗಿಗೆ ಮೆತ್ತಿದ ಗ್ರೀಸು, ನೀರಿನ ಬಾಣಲೆಯಲ್ಲಿ ಮುಳುಗಿಸಿದ ಟ್ಯೂಬು ಬುಳುಬುಳು ಬಿಡುವ ಗುಳ್ಳೆ. ಶಾಲೆ ಬಿಟ್ಟ ಮೇಲೆ ಅಲ್ಲೇ ಒಂದು ಮರದ ಪೆಟ್ಟಿಗೆಯ ಮೇಲೆ ಕೂತು ಅವಳು ಮಗ್ಗಿ ಬಾಯಿಪಾಠ ಮಾಡಿದವಳು.

ಹಳೆಯ ಸೈಕಲ್ ಕೊಳ್ಳಲು ಯಾರೇ ಬರಲಿ, ಅಪ್ಪ ಮೊದಲು ಸೈಕಲ್ ತೋರಿಸುತ್ತಿರಲಿಲ್ಲ. ಬಂದವರನ್ನು ಬೆಳಕಿಗೆ ನಿಲ್ಲಿಸಿ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡುತ್ತಿದ್ದ. ಆಮೇಲೆ ಒಂದು ಸೈಕಲನ್ನು ತಂದು, ಸೀಟನ್ನು ಅವರ ಕಂಕುಳಿಗೆ ಆನಿಸಿ, "ಈಗ ಕೈ ಚಾಚಿ. ಬೆರಳು ಪೆಡಲಿನ ಅಚ್ಚಿಗೆ ಮುಟ್ಟುತ್ತಾ?" ಎನ್ನುತ್ತಿದ್ದ. ಮುಟ್ಟದಿದ್ದರೆ ಮುಗಿಯಿತು. ಎಷ್ಟು ಮಿರಮಿರ ಮಿಂಚುವ ಸೈಕಲ್ಲಾದರೂ ಒಳಗೆ ಒಯ್ದು ನಿಲ್ಲಿಸಿಬಿಡುತ್ತಿದ್ದ. "ಒಳ್ಳೇ ಸೈಕಲ್ಲೇ. ಆದ್ರೆ ನಿಮ್ಮದಲ್ಲ."

ಆ ಮಾತು ಇಷ್ಟು ವರ್ಷಗಳ ಮೇಲೆ, ಹಳೆಯ ಯಂತ್ರಗಳನ್ನು ಮಾರುವ ಯಾರ್ಡಿನ ಗೇಟಿನಲ್ಲಿ ಅವಳ ತಲೆಯೊಳಗೆ ಗಿರಕಿ ಹೊಡೆಯುತ್ತಿತ್ತು. ಪಕ್ಕದಲ್ಲಿ ಮೈದುನ ಇದ್ದ. ಹೆಗಲಿನ ಚೀಲದಲ್ಲಿ, ಯಾರಿಗೂ ತೋರಿಸದ ಒಂದು ಹಗ್ಗವಿತ್ತು.

ಹೊಲಕ್ಕೊಂದು ಟ್ರ್ಯಾಕ್ ಲೋಡರ್ ಬೇಕು ಎನ್ನುವ ಮಾತು ಮನೆಯಲ್ಲಿ ಎದ್ದು ಆರು ತಿಂಗಳಾಗಿತ್ತು. ಕಾಲುವೆ ಪಕ್ಕದ ತಗ್ಗಿನ ಹೊಲ ಎಂಥ ಬಿಸಿಲಿನಲ್ಲೂ ಒಳಗೊಳಗೇ ಒದ್ದೆ. ಟ್ರ್ಯಾಕ್ಟರ್ ಇಳಿಸಿದರೆ ಗಾಲಿ ಅಚ್ಚಿನವರೆಗೆ ಹೂತು, ಅದನ್ನು ಎಳೆಯಲು ಇನ್ನೊಂದು ಟ್ರ್ಯಾಕ್ಟರ್, ಆ ಇನ್ನೊಂದೂ ಹೂತರೆ ಊರೆಲ್ಲ ನೆರೆದು ನೋಡುವ ತಮಾಷೆ. ಗಾಲಿಯ ಬದಲು ಅಗಲವಾದ ರಬ್ಬರ್ ಪಟ್ಟಿಯ ಮೇಲೆ ಓಡುವ ಗಾಡಿಯಾದರೆ ಕೆಸರಿನ ಮೇಲೆ ಬಾತುಕೋಳಿಯ ಹಾಗೆ ಹೋಗುತ್ತದೆ. ಮುಂದಿನ ಬಕೆಟ್ಟಿನಿಂದ ಗೊಬ್ಬರ ತುಂಬಬಹುದು, ಮೇವಿನ ಉರುಳೆ ಎತ್ತಬಹುದು, ಬದು ಸರಿಮಾಡಬಹುದು. ಆದರೆ ಹೊಸದು ಅವರ ಕೈಗೆಟುಕುವ ಮಾತಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್.

ಎಲ್ಲರ ಬಾಯಲ್ಲೂ ಅದು "ಚೈನ್ ಗಾಡಿ". ಮನೆಯಲ್ಲಂತೂ ಗಾಡಿ ಎನ್ನುವುದೂ ಉದುರಿಹೋಗಿ ಬರೀ "ಚೈನ್" ಆಗಿತ್ತು. ಕಿವಿ ಸ್ವಲ್ಪ ಮಂದವಾದ ಅತ್ತೆ ಇದನ್ನು ಕೇಳಿಸಿಕೊಂಡ ರೀತಿಯೇ ಬೇರೆ. ಒಂದು ವಾರ ಮುಖ ಊದಿಸಿಕೊಂಡಿದ್ದು, ಕೊನೆಗೆ ಸೊಸೆಯನ್ನು ಅಡುಗೆಮನೆಯ ಮೂಲೆಗೆ ಕರೆದು, "ಅಲ್ವೇ, ಅವನು ಈ ಸ್ಥಿತೀಲಿರುವಾಗ ನಿಂಗೆ ಚೈನ್ ಬೇಕಾಯ್ತೇನೇ? ಅದೂ ಸೆಕೆಂಡ್ ಹ್ಯಾಂಡು! ಯಾರ ಕತ್ತಲ್ಲಿತ್ತೋ ಏನೋ. ಅಷ್ಟು ಆಸೆಯಿದ್ರೆ ನನ್ನದೇ ತಗೋ ಮಾರಾಯ್ತಿ," ಎಂದು ಕುತ್ತಿಗೆಗೆ ಕೈ ಹಾಕಿದ್ದರು. ಸೊಸೆಗೆ ನಗು ತಡೆಯಲಾಗದೆ ಕೈಲಿದ್ದ ಪಾತ್ರೆ ಜಾರಿತ್ತು. ಆದರೆ ನಕ್ಕು ಮುಗಿದ ಮೇಲೆ, ಕತ್ತಿನಿಂದ ಆ ಚೈನು ತೆಗೆಯಲು ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲವಲ್ಲ ಎಂಬುದು ಅವಳ ಮನಸ್ಸಿನಲ್ಲಿ ಉಳಿದುಕೊಂಡಿತು.

ಈ ಸ್ಥಿತಿ ಎಂದರೆ, ಅವಳ ಗಂಡ ಮೇವಿನ ಅಟ್ಟದಿಂದ ಬಿದ್ದಿದ್ದ. ಮೂಳೆ ಕೂಡಿಕೊಂಡಿತು, ಎಡ ಮಂಡಿ ಮಾತ್ರ ಮಡಚುವುದನ್ನು ಮರೆತುಬಿಟ್ಟಿತು, ಕೈಗೆ ಕೋಲು ಬಂತು. ಎಡಗಾಲಲ್ಲಿ ಕ್ಲಚ್ ಒತ್ತಲಾಗದವನು ಟ್ರ್ಯಾಕ್ಟರ್ ಹೇಗೆ ಓಡಿಸುತ್ತಾನೆ? "ಇನ್ನು ಸುಧಾರಿಸಬಹುದು, ಸುಧಾರಿಸದೆಯೂ ಇರಬಹುದು" ಎಂದು ಡಾಕ್ಟರು ಎರಡೂ ಕಡೆ ಕಾಲಿಟ್ಟು ಹೇಳಿದ ಮೇಲೆ, ಆ ವಿಷಯ ಮನೆಯಲ್ಲಿ ಯಾರೂ ಎತ್ತಲಿಲ್ಲ. ಹೊಲಕ್ಕೆ ಬುತ್ತಿ ಹೋಗುತ್ತಿದ್ದವನಿಗೆ ಈಗ ಒಳಮನೆಯಲ್ಲೇ ತಟ್ಟೆ. ಅವನು ತಲೆಯೆತ್ತದೆ ಉಣ್ಣುತ್ತಿದ್ದ. ಲೋಡರಿನ ಮಾತು ಬಂದಾಗಲೂ ಗೋಡೆ ನೋಡಿಕೊಂಡು, "ಗೊತ್ತು ಮಾಡೋ ಡ್ರೈವರಿಗೆ ಯಾವುದು ಒಗ್ಗುತ್ತೋ ಅದನ್ನೇ ತನ್ನಿ. ನನ್ನನ್ನೇನು ಕೇಳ್ತೀರಾ?" ಎಂದಿದ್ದ.

ಆದರೆ ಅವಳು ಎಲ್ಲೋ ಓದಿದ್ದಳು, ಆಮೇಲೆ ಕೇಳಿ ಖಚಿತ ಮಾಡಿಕೊಂಡಿದ್ದಳು. ಕೆಲವು ಲೋಡರುಗಳಲ್ಲಿ ಎಲ್ಲ ಕೆಲಸವೂ ಎರಡು ಕೈಯ ಹಿಡಿಗಳಲ್ಲೇ. ಕಾಲಿಗೆ ಕೆಲಸವೇ ಇಲ್ಲ. ಹತ್ತಿ ಕೂತರಾಯಿತು. ತೊಡಕಿರುವುದೆಲ್ಲ ಆ ಹತ್ತುವುದರಲ್ಲೇ. ಈ ಗಾಡಿಗೆ ಪಕ್ಕದಲ್ಲಿ ಬಾಗಿಲಿಲ್ಲ. ಮುಂದಿನಿಂದ, ನೆಲಕ್ಕಿಳಿಸಿದ ಬಕೆಟ್ಟನ್ನು ದಾಟಿ, ಮೇಲಿನ ಮೆಟ್ಟಿಗೆ ಕಾಲಿಟ್ಟು ಒಳಗೆ ಹೋಗಬೇಕು.

ಅದಕ್ಕೇ ಹಗ್ಗ. ಅದರ ಒಂದು ತುದಿಯಿಂದ ಮೊದಲ ಗಂಟಿನವರೆಗೆ ಕೊಟ್ಟಿಗೆಯ ಬಾಗಿಲಿನ ಅಗಲ. ಗಾಡಿ ಅದರೊಳಗೆ ನುಗ್ಗಬೇಕು. ಇನ್ನೊಂದು ತುದಿಯಿಂದ ಎರಡನೇ ಗಂಟಿನವರೆಗೆ, ಹಿತ್ತಿಲ ಬಾಗಿಲ ಮೆಟ್ಟಿಲಿನ ಎತ್ತರ. ಬಾಗಿಲುವಾಡ ಹಿಡಿದು, ಬಲಗಾಲು ಮೊದಲಿಟ್ಟು, ಎಡಗಾಲು ಎಳೆದುಕೊಂಡು ಅವನು ಹತ್ತುವ ಮೆಟ್ಟಿಲು ಅದೊಂದೇ. ಟೇಪು ಹಿಡಿದು ಅಳೆದರೆ ಏನು, ಯಾಕೆ ಎಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ಹಗ್ಗವನ್ನು ಯಾರೂ ಕೇಳುವುದಿಲ್ಲ. ಅವನು ಮಲಗಿದ್ದಾಗ ಅಳೆದು, ಗಂಟು ಹಾಕಿ, ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿಟ್ಟಿದ್ದಳು. ಆಸೆಯನ್ನು ಬಾಯಿಬಿಟ್ಟು ಆಡಿ, ಅದು ಆಗದೇ ಹೋದರೆ ಅವನ ಮುಖ ನೋಡುವುದು ಹೇಗೆ?

"ಅತ್ತಿಗೆ, ಬನ್ನಿ ಇಲ್ಲಿ. ಇದನ್ನ ನೋಡಿ," ಎಂದು ಮೈದುನ ಕೂಗಿದ.

ಹೊಸ ಬಣ್ಣ ಬಳಿದ ಗಾಡಿಯೊಂದು ಅಂಗಳದ ಮಧ್ಯದಲ್ಲಿ ಬೀಗುತ್ತಾ ನಿಂತಿತ್ತು. ಮೈದುನ ಬಣ್ಣಕ್ಕೆ ಮರುಳಾಗುವವನಲ್ಲ. ಇಂಜಿನ್ನು ಶುರುಮಾಡುವ ಮೊದಲೇ ಮುಚ್ಚಳದ ಮೇಲೆ ಅಂಗೈಯಿಟ್ಟ. ಇಟ್ಟವನು ಯಾರ್ಡಿನ ಯಜಮಾನನ ಕಡೆ ತಿರುಗಿ, "ಯಜಮಾನ್ರೇ, ನಾವು ಬರೋಕೆ ಮುಂಚೆ ಇದಕ್ಕೆ ಯಾರೋ ವ್ಯಾಯಾಮ ಮಾಡಿಸಿದ ಹಾಗಿದೆಯಲ್ಲ? ಮೈ ಬಿಸಿಯಾಗಿದೆ," ಎಂದ.

ಯಜಮಾನ ಹೊಟ್ಟೆ ಸವರಿಕೊಂಡು ನಕ್ಕ. "ತಣ್ಣಗಿದ್ರೆ ಏಳೋಕೆ ಸ್ವಲ್ಪ ಸೋಮಾರಿ ಅದು. ನನ್ನ ಹಾಗೇ. ನೀವು ಕಣ್ಣುಕಟ್ಟಿಗೆ ಬೀಳೋರಲ್ಲ ಬಿಡಿ. ಆಚೇದು ನೋಡಿ."

ಆಚೆಯದು ನಿಜಕ್ಕೂ ಲಕ್ಷಣವಾಗಿತ್ತು. ತಣ್ಣಗಿದ್ದದ್ದು ಒಂದೇ ಸಲಕ್ಕೆ ಎದ್ದಿತು. ಮೈದುನ ನೆಲಕ್ಕೆ ಮಲಗಿ ಪಟ್ಟಿಯೊಳಗಿನ ಉರುಳೆಗಳನ್ನು ಒಂದೊಂದಾಗಿ ಅಲ್ಲಾಡಿಸಿದ, ಹಲ್ಲುಚಕ್ರದ ತುದಿಗಳನ್ನು ಬೆರಳಿನಿಂದ ಸವರಿದ, ಬಕೆಟ್ಟನ್ನು ಎತ್ತಿಸಿ ಇಳಿಸಿ ಎಣ್ಣೆ ಜಿನುಗುತ್ತದೆಯೇ ಎಂದು ನೋಡಿದ. ಎದ್ದಾಗ ಬೆನ್ನೆಲ್ಲ ಮಣ್ಣು, ಮುಖವೆಲ್ಲ ಬೆಳಕು.

"ಇದೇ ಅತ್ತಿಗೆ! ಕಣ್ಣು ಮುಚ್ಕೊಂಡು ತಗೋಬಹುದು."

ಅವಳು ಮುಂದೆ ಬಗ್ಗಿ ಒಳಗೆ ನೋಡಿದಳು. ಎರಡು ಹಿಡಿಗಳ ಕೆಳಗೆ, ಎರಡು ಪೆಡಲುಗಳು.

"ಅವು ಯಾತಕ್ಕೆ?"

"ಕೈಯಲ್ಲಿ ಗಾಡಿ ಓಡಿಸೋದು, ಕಾಲಲ್ಲಿ ಬಕೆಟ್ ಎತ್ತೋದು. ಎಡಗಾಲಿಗೆ ಎತ್ತೋದು, ಬಲಗಾಲಿಗೆ ಮಗುಚೋದು," ಎಂದ ಯಜಮಾನ.

"ಒಳ್ಳೇ ಗಾಡಿಯೇ," ಎಂದಳು ಅವಳು, ಅಪ್ಪನ ದನಿ ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಬೆಚ್ಚುತ್ತಾ. "ಆದ್ರೆ ನಮ್ಮದಲ್ಲ."

ಮೈದುನನ ಹುಬ್ಬು ಗಂಟಿಕ್ಕಿತು. "ಅಂದ್ರೆ? ಇಷ್ಟೊತ್ತು ನಾನು ನೆಲ ಉಜ್ಜಿದ್ದು ಯಾಕೆ? ಗಾಡಿ ಕೊಳ್ಳೋಕೆ ಬಂದಿದ್ದೀವೋ, ಬಟ್ಟೆ ಅಂಗಡೀಲಿ ಅಂಚು ಸೆರಗು ನೋಡೋಕೆ ಬಂದಿದ್ದೀವೋ? ಡ್ರೈವರ್ ಕೂಡ ಇದೇ ಥರದ್ದು ಓಡಿಸಿ ರೂಢಿಯಿರೋನು. ಮಾತಾಡಿ ಇಟ್ಟಿದ್ದೀನಿ."

"ಡ್ರೈವರಿಗಲ್ಲಪ್ಪ."

"ಮತ್ಯಾರಿಗೆ?"

ಅವಳು ಚೀಲದಿಂದ ಹಗ್ಗ ತೆಗೆದಳು. ಯಾವ ಗಂಟು ಏನೆಂದು ಹೇಳಿದಳು. ಹೇಳುವಾಗ ಅವನ ಮುಖ ನೋಡಲಿಲ್ಲ, ಹಗ್ಗವನ್ನೇ ನೋಡಿದಳು. ಮೈದುನ ಶರಟಿನ ತೋಳಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣೂ ಒರೆಸಿಕೊಂಡು, ಮಣ್ಣು ಇನ್ನಷ್ಟು ಬಳಿದುಕೊಂಡ.

"ಮೊದಲೇ ಹೇಳಬಾರದಿತ್ತಾ ಅತ್ತಿಗೆ? ನಾನೊಬ್ಬ ದಡ್ಡ, ಉರುಳೆ ನೋಡ್ತಾ ಬಿದ್ದಿದ್ದೆ," ಎಂದವನು ಯಜಮಾನನತ್ತ ತಿರುಗಿದ. "ಪೂರಾ ಕೈಯಲ್ಲೇ ನಡೆಯೋದು ಯಾವುದಾದ್ರೂ ಇದ್ಯಾ ಯಜಮಾನ್ರೇ?"

ಯಜಮಾನ ಏನನ್ನೂ ಕೇಳಲಿಲ್ಲ. ಅದು ಅವಳಿಗೆ ಹಿಡಿಸಿತು. ಯಾರ್ಡಿನ ಹಿಂದಿನ ಮೂಲೆಗೆ ಕರೆದೊಯ್ದ. ಅಲ್ಲಿ ತಗಡಿನ ನೆರಳಿನಲ್ಲಿ ಒಂದು ಗಾಡಿ, ಬಣ್ಣ ಅಲ್ಲಲ್ಲಿ ಚಕ್ಕೆಯೆದ್ದು, ಮೂಲೆಯಲ್ಲಿ ಕೂತ ಅಜ್ಜನ ಹಾಗೆ ಇತ್ತು. ಮುಟ್ಟಿದರೆ ತಣ್ಣಗೆ. ಒಮ್ಮೆ ಕೆಮ್ಮಿ, ಎರಡನೇ ಸಲಕ್ಕೆ ಎದ್ದಿತು. ಬಕೆಟ್ಟಿನ ಪಿನ್ನು ಸ್ವಲ್ಪ ಸಡಿಲ. ಪಟ್ಟಿ ಸವೆದಿದೆ, ಆದರೆ ಬಿರುಕಿಲ್ಲ. "ಇದು ಒಬ್ಬರೇ ಓಡಿಸಿದ ಗಾಡಿ," ಎಂದ ಯಜಮಾನ. ಒಳಗೆ ಎರಡೇ ಹಿಡಿ, ಕೆಳಗೆ ಬರೀ ಬಯಲು. ಕಾಲು ಚಾಚಿ ಕೂರುವಷ್ಟು ಜಾಗ.

ಅಗಲ ಮೊದಲ ಗಂಟಿಗಿಂತ ಒಂದು ಗೇಣು ಕಡಿಮೆ. ಕೊಟ್ಟಿಗೆಗೆ ಹಿಡಿಯುತ್ತದೆ. ಆದರೆ ಮುಂದಿನ ಮೆಟ್ಟು? ಅಳೆಯುವುದೇ ಬೇಡ, ಕಣ್ಣಿಗೇ ಕಾಣುತ್ತಿತ್ತು. ಅದು ಹಿತ್ತಿಲ ಮೆಟ್ಟಿಲಿಗಿಂತ ಎಷ್ಟೋ ಮೇಲೆ.

ಬಂದದ್ದಕ್ಕೆ ಅಳೆದುಬಿಡೋಣ ಎಂದು ಹಗ್ಗದ ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು ಮೇಲೆಳೆದಳು. ಎರಡನೇ ಗಂಟು ಮೆಟ್ಟನ್ನೂ ದಾಟಿ ಎರಡು ಬೆರಳು ಮೇಲೆ ನಿಂತಿತು.

ತುದಿ ತಪ್ಪಿ ಹಿಡಿದೆನೇನೋ ಎಂದು ಮತ್ತೆ ನೋಡಿದಳು. ಇಲ್ಲ, ಸರಿಯಾಗಿಯೇ ಇತ್ತು. ಬೇರೆಯಾಗಿದ್ದದ್ದು ಗಂಟು.

ಅವಳ ಗಂಟು ಅಂಗಡಿಯಲ್ಲಿ ಕಲಿತದ್ದು. ಎರಡು ಸುತ್ತು ಸುತ್ತಿ ಜೀವ ಹೋಗುವಂತೆ ಬಿಗಿಯುವ ಗಂಟು. "ನೀನು ಕಟ್ಟಿದ್ದನ್ನ ಬಿಚ್ಚೋಕೆ ಹಲ್ಲೇ ಬೇಕು ಕಣೇ. ನಾನೂ ಹೀಗೇ ಸಿಕ್ಕಿಹಾಕ್ಕೊಂಡಿದ್ದು," ಎಂದು ಗಂಡ ಮದುವೆಯಾದಂದಿನಿಂದ ರೇಗಿಸುತ್ತಿದ್ದ. ಮೊದಲ ಗಂಟು ಹಾಗೆಯೇ ಇತ್ತು. ಎರಡನೆಯದು ಮಾತ್ರ ಕರು ಕಟ್ಟುವ ಗಂಟು. ಕರು ಎಷ್ಟು ಜಗ್ಗಿದರೂ ಬಿಗಿಯುತ್ತದೆ, ಮನುಷ್ಯ ಬಾಲದ ತುದಿ ಎಳೆದರೆ ಸರ್‍ರೆಂದು ಬಿಚ್ಚುತ್ತದೆ. ಆ ಗಂಟನ್ನು ಹೀಗೆ ಎಡಕ್ಕೆ ಮಡಚಿ ಹಾಕುವವನು ಮನೆಯಲ್ಲಿ ಒಬ್ಬನೇ.

ಹಗ್ಗವನ್ನು ಕೈಯಲ್ಲೇ ಹಿಡಿದು ಅವಳು ಮನೆಗೆ ಫೋನು ಮಾಡಿದಳು. ಎತ್ತಿದ್ದು ಅತ್ತೆ.

"ಚೈನ್ ಸಿಕ್ತೇನೇ?"

"ನೋಡ್ತಾ ಇದ್ದೀವಿ ಅತ್ತೆ. ಅವರಿಗೆ ಕೊಡಿ."

ಫೋನು ಕೈ ಬದಲಾಯಿಸಿತು. ಆ ಕಡೆ ಹಸುವೊಂದು ಕೂಗುತ್ತಿತ್ತು. ಗಂಡ ಕೊಟ್ಟಿಗೆಯಲ್ಲಿದ್ದ.

"ರೀ, ಹಗ್ಗದ ಗಂಟು ಬದಲಾಗಿದೆ."

ಬಂದದ್ದು ಅವನ ಬಹಳ ದಿನದಿಂದ ಕೇಳದ ತುಂಟ ದನಿ. "ಹೂಂ. ನಿನ್ನ ಗಂಟು ಬಿಚ್ಚೋಷ್ಟರಲ್ಲಿ ನನ್ನ ಪ್ರಾಣ ಹೋಯ್ತು. ಹಲ್ಲು ಇನ್ನೂ ನೋಯ್ತಿದೆ."

"ಇಷ್ಟೆತ್ತರಾನಾ?"

"ಗೋದಲಿ ಗೋಡೆ ಎತ್ತರ. ಹಗ್ಗ ಹಿತ್ತಿಲ ಮೆಟ್ಟಿಲಿಗೆ ಹಿಡಿದಾಗಲೇ ನಿನ್ನ ಲೆಕ್ಕ ಗೊತ್ತಾಯ್ತು. ಅಳೆದೇ ಕಟ್ಟಿದ್ದೀನಿ."

ಗೋದಲಿ ಎಂದರೆ ಹಸುಗಳಿಗೆ ಮೇವು ಹಾಕುವ ಕಟ್ಟೆ. ಅದರ ಅಂಚಿನ ಮೇಲೆ ಕೆಲವು ವಾರಗಳಿಂದ ಒಂದು ಗೋಣಿಚೀಲ ನಾಲ್ಕು ಮಡಿಕೆಯಾಗಿ ಬಿದ್ದಿರುವುದನ್ನು ಅವಳು ನೋಡಿದ್ದಳು. ಯಾರೋ ಒಣಗಲು ಹಾಕಿದ್ದಾರೆ ಎಂದುಕೊಂಡು ಸುಮ್ಮನಾಗಿದ್ದಳು.

"ಯಾವಾಗ ಹತ್ತೋದು?"

"ನೀನು ಹಾಲು ಕೊಡೋಕೆ ಹೋದಾಗ. ಒಂದೆರಡು ಸಲ ಬಿದ್ದೆ. ನೋಡಿದ್ದು ಹಸು ಮಾತ್ರ. ಪಾಪ, ಯಾರಿಗೂ ಹೇಳಿಲ್ಲ."

"ನನಗೆ ಹೇಳಬಾರದಿತ್ತಾ?"

"ಹಗ್ಗ ಯಾಕೆ ಅಂತ ನೀನು ಹೇಳಿದ್ಯಾ?"

ಯಾರ್ಡಿನ ಮೂಲೆಯಲ್ಲಿ, ಗ್ರೀಸು ಮೆತ್ತಿದ ಕಬ್ಬಿಣದ ನಡುವೆ, ಅವಳು ಅಳುತ್ತಾ ನಗುತ್ತಾ ನಿಂತಳು. ಮೈದುನ ಗಾಡಿಯ ಹಿಂದೆ ಹೋಗಿ, ಆಗಲೇ ನೋಡಿ ಮುಗಿಸಿದ್ದ ಉರುಳೆಗಳನ್ನು ಇನ್ನೊಮ್ಮೆ ನೋಡತೊಡಗಿದ.

ಆದರೂ ಗೋಡೆಯೇ ಬೇರೆ, ಗಾಡಿಯೇ ಬೇರೆ. ಗೋಡೆ ಅಲ್ಲಾಡುವುದಿಲ್ಲ. ಅವನನ್ನು ಇದರ ಮುಂದೆ ನಿಲ್ಲಿಸಿ ನೋಡದೆ ಹೂಂ ಎನ್ನಲು ಅವಳು ಅಪ್ಪನ ಮಗಳಾಗಿ ಹೇಗೆ ಒಪ್ಪಿಯಾಳು? ಅವಳ ಅನುಮಾನವನ್ನು ಯಜಮಾನ ಮುಖದಲ್ಲೇ ಓದಿದ.

"ನಾಳೆ ಲಾರೀಲಿ ಹಾಕ್ಕೊಂಡು ನಾನೇ ತರ್ತೀನಮ್ಮ. ಅವರೇ ಹತ್ತಿ ನೋಡ್ಲಿ. ಆಯ್ತು ಅಂದ್ರೆ ನಿಮ್ಮದು. ಆಗಲಿಲ್ಲ ಅಂದ್ರೆ ವಾಪಸ್ ತಗೊಂಡು ಬರ್ತೀನಿ, ಒಂದು ಮಾತೂ ಆಡಲ್ಲ. ನನ್ನ ತಂದೆಗೂ ಕೋಲಿತ್ತು," ಎಂದ.

ಮರುದಿನ ಲಾರಿಯಿಂದ ಗಾಡಿ ಇಳಿದಾಗ ಅವಳ ಕಣ್ಣು ಮೊದಲು ಹೋದದ್ದು ಮೆಟ್ಟಿಗೆ. ನಿನ್ನೆ ನುಣುಪಾಗಿ ಜಾರುವಂತಿದ್ದ ಕಬ್ಬಿಣದ ಮೇಲೆ ಒರಟು ತಗಡಿನ ಒಂದು ತುಂಡು ಬೆಸುಗೆಯಾಗಿ ಕೂತಿತ್ತು. ಬಲಗಡೆ ಹಿಡಿದುಕೊಳ್ಳಲು ಒಂದು ಸರಳು ಕೂಡ. ಬಣ್ಣವಿನ್ನೂ ಹಸಿ. ಯಜಮಾನ ಅದರ ಮಾತೇ ಎತ್ತದೆ, ಮಳೆ ಬಿಸಿಲಿನ ಬಗ್ಗೆ ಏನೋ ಹೇಳುತ್ತಿದ್ದ.

ಗಂಡ ಕೋಲೂರಿಕೊಂಡು ಬಂದ. ಗಾಡಿಯ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು, ಚಕ್ಕೆಯೆದ್ದ ಬಣ್ಣದ ಮೇಲೆ ಕೈಯಾಡಿಸಿ, "ಇವನೂ ಎಲ್ಲೋ ಬಿದ್ದಿರೋ ಹಾಗಿದೆ," ಎಂದ.

ಆಗ ಒಂದು ವಿಚಿತ್ರ ನಡೆಯಿತು. ಯಾರೂ ಯಾರಿಗೂ ಹೇಳದೆ, ಎಲ್ಲರಿಗೂ ಒಟ್ಟಿಗೇ ಏನೇನೋ ಕೆಲಸ ನೆನಪಾಯಿತು. ಮೈದುನ ಲಾರಿಯ ಟಯರಿಗೆ ಗಾಳಿ ಇದೆಯೇ ಎಂದು ಒದ್ದು ನೋಡಿದ. ಯಜಮಾನ ಸರಪಳಿ ಸುತ್ತತೊಡಗಿದ. ಅತ್ತೆ ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಒಳಗೆ ಓಡಿದರು. ಅವಳು ತಂತಿಯ ಮೇಲೆ ಆಗಲೇ ಹರವಿದ್ದ ಬಟ್ಟೆಯನ್ನು ತೆಗೆದು ಮತ್ತೆ ಹರವಿದಳು. ಹರವುತ್ತಾ, ಬಟ್ಟೆಯ ಅಂಚಿನಿಂದ ನೋಡಿದಳು.

ಅವನು ಕೋಲನ್ನು ಬಕೆಟ್ಟಿಗೆ ಒರಗಿಸಿದ. ಸರಳು ಹಿಡಿದ. ಬಲಗಾಲು ಮೆಟ್ಟಿನ ಮೇಲಿಟ್ಟು ಎದ್ದ. ಎಡಗಾಲಿನ ಬೆರಳು ಬಕೆಟ್ಟಿನ ಅಂಚಿಗೆ ತಗುಲಿ, ಅವನು ಹಿಂದಕ್ಕೆ ಬಂದುಬಿಟ್ಟ. ಅವಳ ಕೈಯಲ್ಲಿ ಒದ್ದೆ ಬಟ್ಟೆ ಹಿಂಡಿಹೋಯಿತು. ಹೋಗಬೇಕೆಂದು ಕಾಲು ಎತ್ತಿದವಳು ಹೋಗಲಿಲ್ಲ. ಅವನು ಒಂದು ಉಸಿರು ಬಿಟ್ಟು, ಈ ಸಲ ಎಡಗಾಲನ್ನು ಹೊರಗಿನಿಂದ ಅರ್ಧಚಂದ್ರದ ಹಾಗೆ ಬೀಸಿ ತಂದ. ಗೋದಲಿಯ ಮೇಲೆ ಕಲಿತ ವರಸೆ ಅದೇ ಇರಬೇಕು. ಸೊಂಟ ತಿರುಗಿತು, ಬೆನ್ನು ಸೀಟಿಗೆ ತಾಗಿತು.

"ಕೂತೆ!" ಎಂದ ಅವನು, ಯಾರಿಗೆಂದಿಲ್ಲದೆ.

ಎಲ್ಲರ ಕೆಲಸವೂ ಅಲ್ಲಿಗೇ ಮುಗಿದುಹೋಯಿತು.

ಯಜಮಾನ ಬಳಿ ಬಂದು, ತೊಡೆಯ ಮೇಲೆ ಅಡ್ಡಪಟ್ಟಿ ಇಳಿಸದೆ ಗಾಡಿ ಅಲುಗುವುದಿಲ್ಲವೆಂದೂ, ಯಾವ ಹಿಡಿ ಯಾವುದಕ್ಕೆಂದೂ ತೋರಿಸಿಕೊಟ್ಟ. ಗಾಡಿ ಮೊದಲು ಎಡಕ್ಕೆ ಜಗ್ಗಿತು, ಬಲಕ್ಕೆ ಜಗ್ಗಿತು, ಅಂಗಳದ ತೊಟ್ಟಿಯೊಂದರ ಪ್ರಾಣ ತೆಗೆಯಿತು. "ಹೋಗ್ಲಿ ಬಿಡಣ್ಣ, ಹಳೇದಿತ್ತು!" ಎಂದು ಮೈದುನ ಕೂಗಿದ. ಸ್ವಲ್ಪ ಹೊತ್ತಿಗೆ ಜಗ್ಗಾಟ ನಿಂತು, ಗಾಡಿ ನೇರವಾಗಿ ಕಾಲುವೆಯ ದಾರಿ ಹಿಡಿಯಿತು. ಅತ್ತೆಯನ್ನು ಬಿಟ್ಟು ಎಲ್ಲರೂ ಹಿಂದೆ ನಡೆದರು. ಟ್ರ್ಯಾಕ್ಟರ್ ಹೂತಿದ್ದ ಗುಂಡಿಯಲ್ಲಿ ಇನ್ನೂ ನೀರು ನಿಂತಿತ್ತು. ಅದರ ಪಕ್ಕದಲ್ಲೇ ಲೋಡರ್ ಇಳಿಯಿತು, ಹೋಯಿತು, ತಿರುಗಿತು, ಬಂದಿತು. ಹಿಂದೆ ಉಳಿದದ್ದು ಬಾಚಣಿಗೆ ಎಳೆದಂಥ ತೆಳ್ಳನೆ ಗುರುತು ಮಾತ್ರ. ಕಾದ ರಬ್ಬರಿನ ವಾಸನೆ ಒದ್ದೆ ಮಣ್ಣಿನ ಮೇಲಿಂದ ತೇಲಿ ಬಂದು ಅವಳ ಮೂಗಿನ ತುದಿಯಲ್ಲಿ ಕೂತಿತು.

"ಇದು ನಮ್ಮದೇ," ಎಂದಳು ಅವಳು ಯಜಮಾನನಿಗೆ.

ಯಜಮಾನ ತಲೆಯಾಡಿಸಿ, ಸರಪಳಿ ಹೆಗಲಿಗೇರಿಸಿಕೊಂಡು ಲಾರಿಯ ಕಡೆ ನಡೆದ.

ಬದುವಿನ ಮೇಲೆ ಅತ್ತೆ ಬರುವುದು ಕಂಡಿತು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಒಂದು ಕಂಕುಳಲ್ಲಿ ಏನೋ, ಒಂದು ಕೈಯಲ್ಲಿ ಏನೋ. ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ಇದಾ ಚೈನು? ಕತ್ತಿಗೆ ಸ್ವಲ್ಪ ಭಾರವಾಯ್ತು ನೋಡೇ," ಎಂದು ಸೊಸೆಯ ಕಡೆ ತಿರುಗಿ, ಮುಖದಲ್ಲಿ ನಗು ತೋರಿಸದೆ ಅಂದರು. ಆಮೇಲೆ ಕಂಕುಳಲ್ಲಿದ್ದದ್ದನ್ನು ತೆಗೆದು ಮಗನಿಗೆ ಚಾಚಿದರು. "ಸೀಟು ಕಾದಿರುತ್ತೆ. ಹಾಕ್ಕೋ."

ನಾಲ್ಕು ಮಡಿಕೆಯ ಗೋಣಿಚೀಲ.

ಅವನು ಅದನ್ನು ನೋಡಿದ, ಹೆಂಡತಿಯನ್ನು ನೋಡಿದ. ಗೋದಲಿಯ ಅಂಚು ಮಂಡಿಗೆ ಒತ್ತದಿರಲೆಂದು ಯಾರೋ ಬೇಕೆಂದೇ ಅದನ್ನು ಇಟ್ಟದ್ದೆಂದು ಈಗ ಹೊಳೆದು, ನೀನಾ ಎಂದು ಕೇಳುವ ನೋಟ ಅದು. ಅವಳು ಇಲ್ಲವೆಂದು ತಲೆಯಾಡಿಸಿದಳು. ನೋಡಿದ್ದು ಹಸು ಒಂದೇ ಅಲ್ಲ.

ಅತ್ತೆ ಸೆರಗಿನಿಂದ ಡಬ್ಬಿಯ ತಳದ ಹಸಿ ಒರೆಸಿ, ಮಗ ಅಟ್ಟದಿಂದ ಬಿದ್ದ ದಿನ ತೊಳೆದು ಮೇಲಿಟ್ಟಿದ್ದ ಆ ಬುತ್ತಿಯ ಡಬ್ಬಿಯನ್ನು ಬಕೆಟ್ಟಿನ ಮೇಲಿಂದ ಚಾಚಿ ಮಗನ ಎರಡು ಕೈಗೆ ಕೊಟ್ಟರು. ಅದು ಇನ್ನೂ ಬಿಸಿಯಾಗಿತ್ತು.